ತೂಬಿನ ಲೆಕ್ಕ

ಮೊದಲು ಕಲ್ಲು ತೊಳೀರಿ ಸಾ, ಆಮ್ಯಾಕೆ ಕಾಗದ ಅಂಟಿಸೀರಂತೆ.
ಬೇಸಗೇಲಿ ಮಾತ್ರ ಇದು ನೀರಿಂದ ಹೊರಗೆ ಬರೋದು,
ಪಾಚಿ ಒಣಗಿ ಅಕ್ಷರದ ಗುಂಡೀಲೆಲ್ಲ ಕೂತದೆ.
ತೆಂಗಿನ ನಾರು ಸಾಕು, ಕಬ್ಬಿಣದ ಬ್ರಷ್ ಬ್ಯಾಡ.
ಬಿಳಿಗುಂದದ ದೊರೆಗಳ ವಂಶ ಇದರಲ್ಲದೆ ಅಂತ
ನಾಗಮಂಗಲದಿಂದ ಬಸ್ಸು ಹತ್ತಿ ಬಂದಿದ್ದೀರಿ.
ಅದೆ. ಆದರೆ ಕಲ್ಲು ಹೇಳೋದು ಕಲ್ಲಿಗೆ ಕಂಡಷ್ಟು.
ನಾನು ನೀರಗಂಟಿ ಕುಳ್ಳಯ್ಯನ ಮಗ ಹೊಂಬಯ್ಯ.
ನಮ್ಮದು ತೂಬಿನ ಲೆಕ್ಕ.

ಹನ್ನೆರಡು ಹಸು, ಸಾಲ ತಂದ ಒಂದು ಕತ್ತಿ,
ಇಷ್ಟು ಹಿಡ್ಕಂಡು ಬಂದೋನು ಬಾಚಿದೇವ. ಎಲ್ಲಿಂದ?
ಕಲ್ಲು ದ್ವಾರಾವತಿ ಅಂತದೆ,
ನಮ್ಮಜ್ಜಿ ಪಕ್ಕದೂರು ಅಂತಿದ್ಲು.
ಯಾರ್ಯಾರಿಗೋ ಕೈ ಮುಗಿದು, ಯಾರ್ಯಾರದೋ ಗಡಿ ಕಾದು
ಹದಿನೆಂಟು ಹಳ್ಳಿ ಉಂಬಳಿ ಮಾಡ್ಕಂಡ.
ಅವನ ಮಗ ಮಲ್ಲಿದೇವ ಈ ಕೆರೆ ಕಟ್ಟಿಸಿದ.
ಕಟ್ಟಿಸಿದ ಅಂತ ಬರೆದದೆ. ಮಣ್ಣು ಹೊತ್ತೋರ
ಬೆನ್ನೇನು ಕಲ್ಲೇ, ಬರೆಯೋಕೆ?

ಮಲ್ಲಿದೇವನ ಮೊಮ್ಮಗ ಚಿಕ್ಕಬಾಚನಿಗೆ ಬಿರುದೇ ಹನ್ನೊಂದು ಸಾಲು.
ಬೇಕಾದರೆ ಎಣಿಸ್ಕಳಿ: ಅರಿರಾಯರ ಗಂಡ, ಸಮರಭೈರವ...
ಲಾಯದಲ್ಲಿದ್ದ ಕುದುರೆ ಏಳು. ಏಳರಲ್ಲಿ ಒಂದು ಕುಂಟು.
ಹೂದೋಟಕ್ಕೆ ರಾತ್ರಿಯಿಡೀ ನೀರು ಬುಡು ಅಂದೋನು ಅವನೇ.
ಅವತ್ತಿಂದ ಆ ಕೆಳಗಿನ ಹಾಳಿಗೆ ಕಾದಗದ್ದೆ ಅಂತ ಹೆಸರು.
ತೋಟ ಎಲ್ಲಿತ್ತೋ ಯಾರಿಗೂ ತಿಳೀದು.
ಕಾದಗದ್ದೆ ಅನ್ನಿ, ಕೂಸು ಬೇಕಾದರೂ ತೋರಿಸ್ತದೆ.

ಕಲ್ಲು ಇಲ್ಲಿಗೆ ನಿಲ್ತದೆ ಸಾ. ನಾನು ನಿಲ್ಲೋದಿಲ್ಲ.

ಸಿಂಗಯ್ಯ, ಬೊಮ್ಮರಸ, ಅವನ ಮಕ್ಕಳು. ಸೀಮೆ ಹಂಚ್ಕಂಡರು.
ಕತ್ತಿ ಹಂಚಿದರು, ತಾಯಿ ಒಡವೆ ಹಂಚಿದರು.
ಆನೆ ಇರಲಿಲ್ಲ, ಆನೆ ಸರಪಣಿ ಇತ್ತು,
ಅದನ್ನೂ ಕಡಿದು ಹಂಚಿದರು.
ಕೆರೆ ಕಡಿಯಕ್ಕಾಗಲಿಲ್ಲ.
ಹಗಲು ಅಣ್ಣಂದು, ರಾತ್ರಿ ತಮ್ಮಂದು ಅಂತಾಯ್ತು.
ಬೈಗಿನ ಹೊತ್ತು ಯಾರದು?
ಅಗೋ, ಬೇಲಿ ಪಕ್ಕ ವಾಲ್ಕಂಡು ನಿಂತವಲ್ಲ ಎಲ್ಡು ವೀರಗಲ್ಲು,
ಅವು ಆ ಬೈಗಿನ ಹೊತ್ತಿನವು.

ಕಡೇಗೆ ಉಳಿದದ್ದು ಒಂಬತ್ತು ವರ್ಷದ ಒಬ್ಬ ಹೈದ,
ಅವನ ತಾಯಿ ಹರಿಯವ್ವೆ.
ಪಡುವಲಿಂದ ದಂಡು ಬಂತು. ಯಾರ ದಂಡು ಅಂತ ಕೇಳಬ್ಯಾಡಿ,
ತುಳಿಸ್ಕಂಡ ಗದ್ದೆಗೆ ಲಾಳ ಒಂದೇ ತರ ಕಾಣ್ತದೆ.
ಕೋಟೆಯಿಂದ ಆಳು ಓಡಿ ಬಂದ:
‘ತೂಬು ಕೀಳು, ಅವ್ವೆಯವರ ಅಪ್ಪಣೆ.
ಬಯಲೆಲ್ಲ ಕೆಸರಾಗಲಿ, ಕುದುರೆ ಹೂತ್ಕಳ್ಳಲಿ.’
ನಮ್ಮ ಮುತ್ತಾತನ ಮುತ್ತಾತ ಗೂಟದ ಮೇಲೆ ಕೈ ಮಡಗಿ ನಿಂತ.
ಕೆರೇಲಿ ಆರು ಮೊಳ ನೀರು.
ತೆನೇಲಿ ಹಾಲು.
ಕಾಳು ಗಟ್ಟಿಯಾಗೋಕೆ ಇನ್ನು ಇಪ್ಪತ್ತು ದಿನ,
ಇಪ್ಪತ್ತು ದಿನಕ್ಕೆ ಸರಿಯಾಗಿ ಆರೇ ಮೊಳ.

ಅವ ಕೀಳಲಿಲ್ಲ.

ಕೋಟೆ ಮೂರು ದಿನ ಉರೀತು.
ಹರಿಯವ್ವೆ ಮಗನ್ನ ಬೆನ್ನಿಗೆ ಕಟ್ಕಂಡು ಯಾವ ದಾರೀಲಿ ಹೋದಳೋ,
ಮೇಲುಕೋಟೆ ಬೆಟ್ಟದ ಕಡೆ ಅಂತಾರೆ ಕೆಲವರು,
ಮಿಕ್ಕವರು ಸುಮ್ಮಗಾಯ್ತಾರೆ.
ಭತ್ತ ಬಂತು. ಒಳ್ಳೇ ಬೆಳೆ.
ಅರ್ಧ ಹೊಸಬರು ಕೊಳಗದಲ್ಲಿ ಅಳೆದು ಒಯ್ದರು.
ಮಿಕ್ಕಿದ್ದ ನಾವು ಉಂಡೊ.

ನಮ್ಮಪ್ಪ ಇದನ್ನ ಹೇಳಿದ್ದು ಸಾಯೋ ಮುಂದೆ, ಬಾಗಿಲು ಹಾಕಿಸಿ.
ದ್ರೋಹ ಅಂತ ಬರೀರಿ, ಬರೀದೇ ಇರಿ, ನೀವು ಓದಿದೋರು.
ನನಗೆ ಆ ಹೈದನ ಹೆಸರೊಂದು ಗೊತ್ತಿದ್ದಿದ್ದರೆ!
ಅಷ್ಟು ದೊರೆಗಳ ಹೆಸರು ಬಾಯಲ್ಲದೆ, ಅವಂದು ಇಲ್ಲ.
ಕಡೇ ಸಾಲು ಓದಿದಿರಾ?
ಈ ಕೆರೆಯನಳಿದವರು ಗಂಗೆಯ ತಡಿಯಲ್ಲಿ
ಕವಿಲೆಯ ಕೊಂದ ಪಾಪದಲಿ ಹೋಹರು.
ವಂಶ ಅಳಿದೋನಿಗೆ ಏನಾಯ್ತದೆ ಅಂತ ಬರೆದಿಲ್ಲ.
ಎಲ್ಡು ಸಲ ಇಸ್ಕೂಲ್ ಮೇಷ್ಟ್ರ ಕೈಲಿ ಓದಿಸಿದ್ದೀನಿ.

ವಸಿ ನಿಧಾನ, ಕಾಗದ ಇನ್ನೂ ಹಸಿ ಅದೆ.
ಕೆಳಗೆ, ಬಲಗಡೆ, ಮಸೀಲಿ ಒಂದು ಅಡ್ಡಗೀಟು ಬಂದದಲ್ಲ,
ಅದು ಕಲ್ಲು ಬಿರುಕು ಬುಟ್ಟಿದ್ದಲ್ಲ, ಅಕ್ಷರಾನೂ ಅಲ್ಲ.
ಆರನೇ ಮೊಳ.